ಮನೆಯಲ್ಲೇ ಆಹಾರ ಬೆಳೆಯುವುದು: ಬೇಕಾದ ಲಾಭಕ್ಕೆ ತಕ್ಕ ಬೆಳೆ, ಬೆಳೆಗೆ ತಕ್ಕ ಕ್ರಮ

ಗಿಡದಲ್ಲೇ ಪೂರ್ತಿ ಹಣ್ಣಾದ ಟೊಮೇಟೊವನ್ನು ಅಂಗೈಯಲ್ಲಿ ಹಿಡಿದು ತುಸು ಮೇಲಕ್ಕೆತ್ತಿದರೆ ಸಾಕು, ತೊಟ್ಟಿನ ನಡುವೆ ಇರುವ ಸಣ್ಣ ಗಂಟಿನ ಬಳಿ ಅದು ಸಲೀಸಾಗಿ ಕಳಚಿ ಕೈಗೆ ಬರುತ್ತದೆ; ಎಳೆಯುವ, ತಿರುಚುವ ಪ್ರಮೇಯವೇ ಬರುವುದಿಲ್ಲ. ದೂರದ ಮಾರುಕಟ್ಟೆಗೆ ಸಾಗಬೇಕಾದ ಹಣ್ಣಿಗೆ ಈ ಹಂತದವರೆಗೆ ಗಿಡದಲ್ಲಿ ಉಳಿಯುವ ಅವಕಾಶ ಸಾಮಾನ್ಯವಾಗಿ ಸಿಗುವುದಿಲ್ಲ. ಅದನ್ನು ಬಲಿತ ಕಾಯಿಯಾಗಿರುವಾಗ ಅಥವಾ ಬಣ್ಣ ತಿರುಗುವಾಗಲೇ ಕಿತ್ತು, ಪೆಟ್ಟಿಗೆಗಳಲ್ಲಿ ತುಂಬಿ, ಎಷ್ಟೋ ಸಲ ಎಥಿಲೀನ್ ಅನಿಲದ ನೆರವಿನಿಂದ ಹಣ್ಣು ಮಾಡಲಾಗುತ್ತದೆ. ತಳಿಯನ್ನು ಆರಿಸುವಾಗಲೂ ಸಿಪ್ಪೆ ಗಟ್ಟಿಯಾಗಿದೆಯೇ, ಸಾಗಾಟದಲ್ಲಿ ಜಜ್ಜದೆ ಉಳಿಯುತ್ತದೆಯೇ, ಅಂಗಡಿಯಲ್ಲಿ ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆಗಳು ಮೊದಲು ಬಂದು, ರುಚಿಯ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ. ಮನೆಯಲ್ಲಿ ಬೆಳೆಯುವವರಿಗೆ ಈ ಕಟ್ಟುಪಾಡುಗಳು ಒಂದೂ ಇಲ್ಲ. ಗಿಡದಿಂದ ಅಡುಗೆಮನೆಗೆ ಹತ್ತು ಹೆಜ್ಜೆಯಷ್ಟೇ ದೂರವಿರುವಾಗ, ತೆಳುಸಿಪ್ಪೆಯ, ರಸಭರಿತವಾದ, ಮುಟ್ಟಿದರೆ ಒಡೆಯುವಂಥ ತಳಿಯನ್ನೂ ಧೈರ್ಯವಾಗಿ ಬೆಳೆಯಬಹುದು.

ಮನೆಯಲ್ಲಿ ಆಹಾರ ಬೆಳೆಯುವುದರ ಪ್ರಯೋಜನಗಳನ್ನು ಹೇಳುವಾಗ ಆರೋಗ್ಯ, ಉಳಿತಾಯ, ಪರಿಸರ, ಮನಸ್ಸಿನ ನೆಮ್ಮದಿ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಎಣಿಸುವ ರೂಢಿಯಿದೆ. ಇವೆಲ್ಲವೂ ನಿಜವಾದ ಲಾಭಗಳೇ. ಆದರೆ ಕುಂಡ ತಂದಿಟ್ಟ ಮಾತ್ರಕ್ಕೆ ಎಲ್ಲವೂ ತಾನಾಗಿ ಒದಗುವುದಿಲ್ಲ. ಹಣ ಉಳಿಸಲೆಂದು ಹೊರಟವರು ಬೆಳೆಯಬೇಕಾದದ್ದು ಒಂದಾದರೆ, ರುಚಿಗಾಗಿ ಬೆಳೆಯುವವರು ಆರಿಸಬೇಕಾದದ್ದು ಇನ್ನೊಂದು, ಮನೆಯ ಹಸಿಕಸವನ್ನು ಮಣ್ಣಿಗೆ ಮರಳಿಸಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸ ಮತ್ತೊಂದು. ತಮಗೆ ಯಾವ ಲಾಭ ಮುಖ್ಯವೆಂದು ಮೊದಲೇ ನಿಶ್ಚಯಿಸದೆ ಕೈಗೆ ಸಿಕ್ಕ ಬೀಜವನ್ನೆಲ್ಲ ಬಿತ್ತಿದವರು ಬೇಗ ಬೇಸರಗೊಂಡು ಕೈಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆದ್ದರಿಂದ ಇಲ್ಲಿ ಲಾಭ ಮತ್ತು ವಿಧಾನಗಳನ್ನು ಬೇರ್ಪಡಿಸದೆ, ಯಾವ ಪ್ರಯೋಜನ ಹೇಗೆ ಕೈಗೂಡುತ್ತದೆ ಎಂಬುದನ್ನು ಜೊತೆಜೊತೆಯಾಗಿಯೇ ಹೇಳುತ್ತೇನೆ.

ಮನೆಯ ತೋಟ ಏನನ್ನು ಕೊಡಲಾರದು

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಬಾಲ್ಕನಿಯ ಕುಂಡಗಳಿಂದಾಗಲಿ ಹಿತ್ತಲಿನ ನಾಲ್ಕು ಮಡಿಗಳಿಂದಾಗಲಿ ಒಂದು ಕುಟುಂಬದ ಹಸಿವು ನೀಗುವುದಿಲ್ಲ. ವಯಸ್ಕರೊಬ್ಬರಿಗೆ ದಿನಕ್ಕೆ ಸುಮಾರು 2,000 ಕಿಲೋಕ್ಯಾಲೊರಿ ಶಕ್ತಿ ಬೇಕೆಂದು ಇಟ್ಟುಕೊಂಡರೆ, 100 ಗ್ರಾಂ ಟೊಮೇಟೊದಲ್ಲಿ ಇರುವುದು ಸುಮಾರು 18 ಕಿಲೋಕ್ಯಾಲೊರಿ, ಅಷ್ಟೇ ತೂಕದ ಪಾಲಕ್ ಸೊಪ್ಪಿನಲ್ಲಿ ಸುಮಾರು 23; ಒಣ ಧಾನ್ಯದಲ್ಲಿಯಾದರೆ ಅದು 350ರ ಆಸುಪಾಸಿನಲ್ಲಿರುತ್ತದೆ. ಹೊಟ್ಟೆ ತುಂಬಿಸುವ ಧಾನ್ಯ, ಬೇಳೆಕಾಳು, ಎಣ್ಣೆಬೀಜಗಳು ಹೊಲದಿಂದಲೇ ಬರಬೇಕು, ರೈತರೇ ಬೆಳೆಯಬೇಕು. ಮನೆಯ ತೋಟದ ಬೆಲೆ ಇರುವುದು ಸೊಪ್ಪು, ತರಕಾರಿ, ಪರಿಮಳದ ಎಲೆಗಳು, ಕೆಲವು ಹಣ್ಣುಗಳು ಇವುಗಳಲ್ಲಿ. ಶಕ್ತಿಯ ಲೆಕ್ಕದಲ್ಲಿ ಇವು ಹಗುರವಾದರೂ ಜೀವಸತ್ವ, ಖನಿಜ, ನಾರಿನಂಶಗಳ ಲೆಕ್ಕದಲ್ಲಿ ಭಾರವಾದವು. ಜೊತೆಗೆ, ಕೊಯ್ಲಾದ ಮೇಲೆ ಅತಿ ಬೇಗ ಕೆಡುವಂಥವೂ ಇವೇ.

ತಾಜಾತನವೇ ಮುಖ್ಯವಾದರೆ

ಕೊಯ್ದ ತರಕಾರಿಗೆ ಬೇರಿನ ಸಂಪರ್ಕ ತಪ್ಪಿದರೂ ಅದರ ಜೀವಕೋಶಗಳು ಉಸಿರಾಡುತ್ತಲೇ ಇರುತ್ತವೆ. ಆ ಉಸಿರಾಟಕ್ಕೆ ತನ್ನೊಳಗಿನ ಸಕ್ಕರೆಯನ್ನೇ ಅದು ಖರ್ಚು ಮಾಡುತ್ತದೆ, ಎಲೆಗಳ ಮೂಲಕ ನೀರನ್ನು ಕಳೆದುಕೊಳ್ಳುತ್ತದೆ, ಸಿ ಜೀವಸತ್ವವೂ ದಿನದಿಂದ ದಿನಕ್ಕೆ ಕುಗ್ಗುತ್ತದೆ. ಬಿಸಿ ಮತ್ತು ಒಣಗಾಳಿ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಅಗಲವಾದ ತೆಳು ಎಲೆಯ ಸೊಪ್ಪುಗಳಲ್ಲಿ ಇದು ಎಲ್ಲಕ್ಕಿಂತ ಬೇಗ ಕಾಣಿಸುತ್ತದೆ. ಹಸಿ ಬಟಾಣಿ ಮತ್ತು ಸಿಹಿ ಮೆಕ್ಕೆಜೋಳಗಳನ್ನು ಕಿತ್ತ ಕೂಡಲೇ ಅವುಗಳಲ್ಲಿನ ಸಕ್ಕರೆ ಪಿಷ್ಟವಾಗಿ ಮಾರ್ಪಡಲು ತೊಡಗುತ್ತದೆ. ಗಿಡದ ಬುಡದಲ್ಲೇ ನಿಂತು ಬಟಾಣಿ ಸುಲಿದು ಬಾಯಿಗೆ ಹಾಕಿಕೊಂಡವರಿಗೆ ಅಂಗಡಿಯ ಬಟಾಣಿ ಸಪ್ಪೆ ಎನಿಸಲು ಕಾರಣ ಇದೇ.

ಈ ಲಾಭ ಬೇಕಾದವರು ಬೇಗ ಬಾಡುವ ಬೆಳೆಗಳನ್ನು ಆರಿಸಿಕೊಳ್ಳಬೇಕು. ತಿಂಗಳುಗಟ್ಟಲೆ ಕೆಡದೆ ಉಳಿಯುವ ಈರುಳ್ಳಿಗಾಗಲಿ ಆಲೂಗೆಡ್ಡೆಗಾಗಲಿ ಇರುವ ಅಲ್ಪ ಜಾಗವನ್ನು ಕೊಡುವ ಬದಲು ಪಾಲಕ್, ಹರಿವೆ, ಮೆಂತ್ಯ, ಲೆಟ್ಯೂಸ್, ಕೊತ್ತಂಬರಿ, ಪುದೀನ ಇವುಗಳಿಗೆ ಕೊಡುವುದು ಜಾಣತನ. ಇವನ್ನು ಬೇರುಸಹಿತ ಕೀಳಬಾರದು. ಪಾಲಕ್ ಮತ್ತು ಲೆಟ್ಯೂಸ್‌ಗಳಲ್ಲಿ ಹೊರಗಿನ ದೊಡ್ಡ ಎಲೆಗಳನ್ನು ಮಾತ್ರ ತೆಗೆದು ನಡುವಿನ ಸುಳಿಯನ್ನು ಬಿಡಬೇಕು. ಹರಿವೆಯಂಥ ಗಿಡದಲ್ಲಿ ಬುಡದಿಂದ ಕೆಲವು ಎಲೆಗಂಟುಗಳನ್ನು ಉಳಿಸಿ ಮೇಲಿನ ಕುಡಿಯನ್ನು ಕತ್ತರಿಸಿದರೆ, ಆ ಗಂಟುಗಳಿಂದ ಹೊಸ ಕವಲುಗಳು ಒಡೆಯುತ್ತವೆ. ಹೀಗೆ ಮಾಡಿದರೆ ಒಂದೇ ಬಿತ್ತನೆಯಿಂದ ಹಲವು ಕೊಯ್ಲುಗಳು ಸಿಗುತ್ತವೆ. ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಒಂದು ವಾರ ತಿನ್ನಲಾಗದಷ್ಟು ಸೊಪ್ಪು ಬಂದು, ಮರುವಾರ ಏನೂ ಇಲ್ಲದಂತಾಗುತ್ತದೆ. ಎರಡು ವಾರಕ್ಕೊಮ್ಮೆ ಒಂದು ಗೇಣು ಸಾಲಿನಷ್ಟು ಬಿತ್ತುತ್ತ ಹೋದರೆ ಅಡುಗೆಗೆ ಬೇಕಾದಷ್ಟು ನಿರಂತರವಾಗಿ ಒದಗುತ್ತದೆ.

ಕೊಯ್ಲಿನ ಹೊತ್ತೂ ಮುಖ್ಯ. ಸೊಪ್ಪನ್ನು ಬೆಳಗಿನ ತಂಪಿನಲ್ಲಿ, ಎಲೆಗಳು ನೀರುಂಡು ಬಿರುಸಾಗಿರುವಾಗ ಕೊಯ್ಯಬೇಕು. ಮಧ್ಯಾಹ್ನದ ಬಿಸಿಲಿಗೆ ಜೋತುಬಿದ್ದ ಎಲೆಯನ್ನು ಕೊಯ್ದರೆ, ಮನೆಯಲ್ಲೇ ಬೆಳೆದು ಗಳಿಸಿದ ತಾಜಾತನವನ್ನು ಆ ಕ್ಷಣದಲ್ಲೇ ಅರ್ಧ ಕಳೆದುಕೊಂಡಂತೆ.

ಹಣ ಉಳಿಯಬೇಕಾದರೆ

ಉಳಿತಾಯದ ಮಾತು ಬಂದಾಗ ಎಲ್ಲರೂ ತೂಕವನ್ನು ನೋಡುತ್ತಾರೆ. ನೋಡಬೇಕಾದದ್ದು ಬೇರೆಯೇ ಇದೆ: ನೀವು ಹಣ ಕೊಟ್ಟು ತಂದು, ಪೂರ್ತಿ ಬಳಸಲಾಗದೆ ಎಸೆಯುವುದು ಏನನ್ನು? ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಉತ್ತರ ಪರಿಮಳದ ಎಲೆಗಳು. ನಾಲ್ಕು ಎಲೆ ಬೇಕಾದಾಗ ಒಂದು ಕಟ್ಟು ಕೊಳ್ಳಬೇಕು, ಉಳಿದದ್ದು ಶೀತಪೆಟ್ಟಿಗೆಯ ಮೂಲೆಯಲ್ಲಿ ಕಪ್ಪಾಗುತ್ತದೆ. ಪುದೀನ, ತುಳಸಿ ಜಾತಿಯ ಗಿಡಗಳು, ಈರುಳ್ಳಿ ಹೂ ಬಿಡುವ ಮುನ್ನಿನ ಹಸಿರೆಲೆ ಇವುಗಳಿಗೆ ಒಂದೊಂದು ಕುಂಡ ಸಾಕು. ಪುದೀನಕ್ಕಂತೂ ಬೀಜವೂ ಬೇಡ. ಕಡ್ಡಿಯ ಕೆಳಗಿನ ಎಲೆಗಳನ್ನು ತೆಗೆದು ಒಂದು ಲೋಟ ನೀರಿನಲ್ಲಿ ನಿಲ್ಲಿಸಿದರೆ ಒಂದೆರಡು ವಾರದಲ್ಲಿ ಬಿಳಿಯ ಬೇರುಗಳು ಮೂಡುತ್ತವೆ. ಅದನ್ನು ಪ್ರತ್ಯೇಕ ಕುಂಡದಲ್ಲೇ ನೆಡಿ, ಏಕೆಂದರೆ ಅದರ ಕಾಂಡಗಳು ಮಣ್ಣಿನೊಳಗೆ ಹರಡಿ ಪಕ್ಕದ ಗಿಡಗಳ ಜಾಗವನ್ನೆಲ್ಲ ಆಕ್ರಮಿಸುತ್ತವೆ. ಮೆಣಸಿನಕಾಯಿ ಮತ್ತು ಬದನೆಯೂ ಉಳಿತಾಯಕ್ಕೆ ಒದಗುವ ಗಿಡಗಳು. ಹಿಮ ಬೀಳದ ಕಡೆಗಳಲ್ಲಿ ಒಮ್ಮೆ ನೆಟ್ಟ ಗಿಡ ಒಂದು ವರ್ಷವನ್ನೂ ಮೀರಿ ಕಾಯಿ ಬಿಡುತ್ತದೆ.

ಲಾಭವನ್ನು ತಿಂದುಹಾಕುವುದು ಸಾಮಾನ್ಯವಾಗಿ ಸಲಕರಣೆಗಳ ಖರ್ಚು. ಅಲಂಕಾರದ ಕುಂಡಗಳು, ಚೀಲಗಟ್ಟಲೆ ಸಿದ್ಧ ಮಣ್ಣು, ಬಗೆಬಗೆಯ ದ್ರವಗೊಬ್ಬರ ಇವೆಲ್ಲ ಆರಂಭದಲ್ಲಿ ಬೇಕಾಗಿಯೇ ಇಲ್ಲ. ಇದು ಹಣದ ಪ್ರಶ್ನೆಯಷ್ಟೇ ಆಗಿಲ್ಲ. ಫ್ರಾನ್ಸ್, ಜರ್ಮನಿ, ಪೋಲೆಂಡ್, ಬ್ರಿಟನ್ ಮತ್ತು ಅಮೆರಿಕಗಳ 73 ನಗರ ತೋಟಗಳನ್ನು ಅಳೆದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಗರಗಳಲ್ಲಿ ಬೆಳೆದ ಹಣ್ಣು ತರಕಾರಿಗಳ ಇಂಗಾಲದ ಹೊರೆ (ಬೆಳೆಯುವಾಗ ಗಾಳಿಗೆ ಸೇರುವ, ಭೂಮಿಯ ಬಿಸಿ ಹೆಚ್ಚಿಸುವ ಅನಿಲಗಳ ಪ್ರಮಾಣ) ಹೊಲದಲ್ಲಿ ಬೆಳೆದವುಗಳದ್ದಕ್ಕಿಂತ ಸರಾಸರಿ ಆರು ಪಟ್ಟು ಹೆಚ್ಚೆಂದು ಕಂಡುಬಂತು. ಅದಕ್ಕೆ ಬಹುಪಾಲು ಕಾರಣವಾದದ್ದು ಎತ್ತರಿಸಿದ ಮಡಿಗಳ ಚೌಕಟ್ಟು, ಗುಡಿಸಲು, ದಾರಿ ಮುಂತಾದ ಕಟ್ಟೋಣಗಳು, ಅವನ್ನು ಕೆಲವೇ ವರ್ಷ ಬಳಸಿ ಬಿಟ್ಟುಬಿಡುವುದು. ಬಯಲಿನ ಮಣ್ಣಿನಲ್ಲಿ ಬೆಳೆದ ಟೊಮೇಟೊ ಮಾತ್ರ ಹಸಿರುಮನೆಗಳಲ್ಲಿ ಬೆಳೆದದ್ದಕ್ಕಿಂತ ಈ ಹೊರೆಯ ಲೆಕ್ಕದಲ್ಲಿ ಹಗುರವಾಗಿತ್ತು. ಮನೆಯಲ್ಲಿ ಬೆಳೆದದ್ದೆಲ್ಲ ತಾನಾಗಿ ಪರಿಸರಕ್ಕೆ ಒಳ್ಳೆಯದು ಎಂಬ ಭಾವನೆಯನ್ನು ಈ ಅಂಕಿ ಅಲುಗಿಸುತ್ತದೆ. ಜೊತೆಗೆ ದಾರಿಯನ್ನೂ ತೋರಿಸುತ್ತದೆ. ಇರುವ ಡಬ್ಬ, ಬಕೆಟ್, ಬುಟ್ಟಿಗಳನ್ನೇ ಬಳಸಿ, ಕೊಂಡದ್ದನ್ನು ಹತ್ತಾರು ವರ್ಷ ಬಾಳಿಸಿ, ಗೊಬ್ಬರವನ್ನು ಮನೆಯ ಕಸದಿಂದಲೇ ಮಾಡಿಕೊಂಡರೆ ಕಿಸೆಗೂ ಭೂಮಿಗೂ ಒಟ್ಟಿಗೇ ಉಳಿತಾಯವಾಗುತ್ತದೆ. ಆದರೆ ಬಣ್ಣ, ರಾಸಾಯನಿಕ, ಎಂಜಿನ್ ಎಣ್ಣೆ ತುಂಬಿದ್ದ ಡಬ್ಬಗಳಲ್ಲಿ ಆಹಾರದ ಗಿಡವನ್ನು ನೆಡಬಾರದು.

ಬಿಸಿಲು, ಕುಂಡ, ಮಣ್ಣು

ಬೀಜ ತರುವ ಮೊದಲು ಒಂದು ದಿನವನ್ನು ಬಿಸಿಲು ನೋಡುವುದಕ್ಕಾಗಿ ಮೀಸಲಿಡಿ. ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಗಿಡ ಇಡಬೇಕೆಂದಿರುವ ಜಾಗಕ್ಕೆ ಹೋಗಿ, ಅಲ್ಲಿ ನೇರ ಬಿಸಿಲು ಬೀಳುತ್ತಿದೆಯೇ ಎಂದು ಬರೆದುಕೊಳ್ಳಿ. ಟೊಮೇಟೊ, ಮೆಣಸಿನಕಾಯಿ, ಬದನೆ, ಸೌತೆ, ಬೀನ್ಸ್ ಮುಂತಾಗಿ ಕಾಯಿ ಬಿಡುವ ಬೆಳೆಗಳಿಗೆ ದಿನಕ್ಕೆ 6ರಿಂದ 8 ಗಂಟೆಗಳ ನೇರ ಬಿಸಿಲು ಬೇಕು. ಸೊಪ್ಪುಗಳು 3–4 ಗಂಟೆಗಳಲ್ಲೂ ಬದುಕುತ್ತವೆ, ಕಡುಬೇಸಿಗೆಯಲ್ಲಿ ಅವು ಮಧ್ಯಾಹ್ನದ ನೆರಳನ್ನೇ ಬಯಸುತ್ತವೆ. ನೆರಳಿನಲ್ಲಿಟ್ಟ ಟೊಮೇಟೊ ಗಿಡ ಉದ್ದಕ್ಕೆ ಸೊರಗಿ ಬೆಳೆದು ಹೂವನ್ನೇ ಬಿಡದಿದ್ದಾಗ ಗೊಬ್ಬರ ಸಾಲದೆಂದು ತಿಳಿದು ಸುರಿಯುತ್ತ ಹೋಗುವವರಿದ್ದಾರೆ. ಬಿಸಿಲಿನ ಕೊರತೆಯನ್ನು ಯಾವ ಗೊಬ್ಬರವೂ ತುಂಬಲಾರದು. ಜಾಗದಲ್ಲಿ ಎಷ್ಟು ಬಿಸಿಲಿದೆಯೋ ಅದಕ್ಕೆ ಹೊಂದುವ ಬೆಳೆಯನ್ನು ಒಪ್ಪಿಕೊಳ್ಳುವುದೊಂದೇ ದಾರಿ.

ಕುಂಡದ ಆಳದ ವಿಚಾರದಲ್ಲಿ ಸೊಪ್ಪಿಗೆ 15–20 ಸೆಂಟಿಮೀಟರ್ ಸಾಕು. ಟೊಮೇಟೊ, ಬದನೆಗಳಿಗೆ 30 ಸೆಂಟಿಮೀಟರಿಗೆ ಕಡಿಮೆಯಿಲ್ಲದ, ಸುಮಾರು 20 ಲೀಟರ್ ಮಣ್ಣು ಹಿಡಿಯುವ ಪಾತ್ರೆ ಬೇಕು. ಮಹಡಿಯ ಮೇಲೆ ಇಡುವವರು ತೂಕವನ್ನು ಮರೆಯಬಾರದು. ಇಂಥ ಒಂದು ಕುಂಡಕ್ಕೆ ಬರೀ ಮಣ್ಣು ತುಂಬಿ ನೀರುಣಿಸಿದರೆ ಅದರ ಭಾರ 30 ಕಿಲೋ ದಾಟುತ್ತದೆ. ಅಂಥ ಇಪ್ಪತ್ತು ಕುಂಡಗಳನ್ನು ಬಾಲ್ಕನಿಯ ಅಂಚಿನಲ್ಲಿ ಸಾಲಾಗಿ ಇಡುವ ಮುನ್ನ ಕಟ್ಟಡದ ಬಲವನ್ನು ಬಲ್ಲವರನ್ನು ಕೇಳಲೇಬೇಕು. ಭಾರ ತಗ್ಗಿಸಲೂ, ಬೇರಿಗೆ ಗಾಳಿಯಾಡಲೂ ಮಣ್ಣು, ಚೆನ್ನಾಗಿ ಕಳಿತ ಕಾಂಪೋಸ್ಟ್, ತೊಳೆದ ತೆಂಗಿನ ನಾರಿನ ಪುಡಿ ಮೂರನ್ನೂ ಸಮಪಾಲಿನಲ್ಲಿ ಬೆರೆಸುವುದು ಒಳ್ಳೆಯದು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಅದನ್ನು ಒಂದೆರಡು ಬಾರಿ ನೀರಿನಲ್ಲಿ ನೆನೆಸಿ ಹಿಂಡಿ ಬಳಸಬೇಕು.

ನೀರು ಬಸಿಯಲೆಂದು ಕುಂಡದ ತಳದಲ್ಲಿ ಜಲ್ಲಿಕಲ್ಲು ಹಾಕುವ ಅಭ್ಯಾಸ ಬಹಳ ಹಳೆಯದು. ಆದರೆ ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಕಲ್ಲುಗಳ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ; ಮೇಲಿನ ಮಣ್ಣು ಪೂರ್ತಿ ತೋಯ್ದ ಮೇಲಷ್ಟೇ ಇಳಿಯುತ್ತದೆ. ಹೀಗಾಗಿ ತಳದಲ್ಲಿರಬೇಕಾದ ಕೆಸರಿನ ಪದರ ಇನ್ನಷ್ಟು ಮೇಲೆ, ಬೇರಿನ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ತಳದ ತೂತುಗಳ ಮೇಲೆ ಒಂದೆರಡು ಹೆಂಚಿನ ಚೂರುಗಳನ್ನು ಮಗುಚಿಟ್ಟು, ಉಳಿದದ್ದನ್ನೆಲ್ಲ ಮಣ್ಣಿನ ಮಿಶ್ರಣದಿಂದಲೇ ತುಂಬಿರಿ.

ಹಿತ್ತಲಿನ ನೆಲದಲ್ಲೇ ಬೆಳೆಯುವವರು ಆ ನೆಲದ ಹಿಂದಿನ ಕಥೆಯನ್ನು ತಿಳಿದುಕೊಳ್ಳಬೇಕು. ಹಳೆಯ ಕಟ್ಟಡಗಳ ಬಣ್ಣದಲ್ಲಿಯೂ ಹಿಂದಿನ ಕಾಲದ ಪೆಟ್ರೋಲಿನಲ್ಲಿಯೂ ಸೀಸ ಇರುತ್ತಿತ್ತು. ಮಣ್ಣು ಸೇರಿದ ಸೀಸ ದಶಕಗಳು ಕಳೆದರೂ ಹೋಗುವುದಿಲ್ಲ. ಸಂದೇಹವಿದ್ದರೆ ಮಣ್ಣನ್ನು ಪರೀಕ್ಷೆ ಮಾಡಿಸಿ, ಅದಾಗುವವರೆಗೆ ಹೊಸ ಮಣ್ಣು ತುಂಬಿದ ಕುಂಡಗಳಲ್ಲಿ ಬೆಳೆಯಿರಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಖಂಡಿತ ಉದಾಸೀನ ಮಾಡಬಾರದು.

ಬೀಜದಿಂದ ಸಸಿಯವರೆಗೆ

ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳದಲ್ಲಿ ಊರಬೇಕು ಎಂಬುದು ಸಾಮಾನ್ಯ ನಿಯಮ. ಲೆಟ್ಯೂಸ್‌ನಂಥ ಪುಟ್ಟ ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ತೆಳುವಾಗಿ ಮುಚ್ಚಿದರೆ ಸಾಕು. ಮೂಲಂಗಿ ಮೂರರಿಂದ ಐದು ದಿನಗಳಲ್ಲಿ ತಲೆಯೆತ್ತುತ್ತದೆ, ಟೊಮೇಟೊ ಒಂದು ವಾರದ ಸುಮಾರಿಗೆ. ಮೆಣಸಿನಕಾಯಿ ಮತ್ತು ಗಜ್ಜರಿಗೆ ಎರಡು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಯಬೇಕು. ಕೊತ್ತಂಬರಿಯ ಗುಂಡನೆಯ ಕಾಳು ವಾಸ್ತವವಾಗಿ ಎರಡು ಬೀಜಗಳನ್ನು ಒಳಗೊಂಡ ಒಂದು ಒಣಹಣ್ಣು; ಚಪ್ಪಟೆ ತಳದ ಬಟ್ಟಲಿನಿಂದ ಹಗುರವಾಗಿ ಉಜ್ಜಿ ಎರಡು ಹೋಳಾಗಿಸಿ ಬಿತ್ತಿದರೆ ಮೊಳಕೆ ಸಲೀಸು. ಗಜ್ಜರಿ, ಮೂಲಂಗಿಗಳನ್ನು ಸಸಿ ಮಾಡಿ ಕಿತ್ತು ನೆಟ್ಟರೆ ಗೆಡ್ಡೆ ಕವಲೊಡೆದು ಸೊಟ್ಟಗಾಗುತ್ತದೆ, ಆದ್ದರಿಂದ ಅವನ್ನು ಬೆಳೆಯುವ ಜಾಗದಲ್ಲೇ ಬಿತ್ತಬೇಕು.

ಮಕ್ಕಳಿಗೆ ತೋರಿಸಲು ಬೀನ್ಸ್ ಬೀಜಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬಿತ್ತಿದ ಆರೇಳು ದಿನಕ್ಕೆ ಮಣ್ಣಿನ ಮೇಲ್ಪದರದಲ್ಲಿ ಒಂದು ಸೀಳು ಕಾಣುತ್ತದೆ. ಅದರ ಕೆಳಗೆ ಕಮಾನಿನಂತೆ ಬಾಗಿದ ತಿಳಿಹಸಿರು ದಂಟು ಬೆನ್ನಿನಿಂದ ಮಣ್ಣನ್ನು ಎತ್ತುತ್ತಿರುತ್ತದೆ. ಬಾಗಿ ಬರುವುದರಿಂದ ಎಳೆಯ ಸುಳಿಗೆ ಮಣ್ಣಿನ ಉಜ್ಜಾಟ ತಗಲುವುದಿಲ್ಲ. ಬೆಳಕು ತಾಕಿದ ಮೇಲೆ ಆ ಕಮಾನು ನಿಧಾನವಾಗಿ ನೆಟ್ಟಗಾಗಿ, ಎರಡು ಬೇಳೆಗಳನ್ನು ಮಣ್ಣಿನಿಂದ ಮೇಲಕ್ಕೆ ಎಳೆದುಕೊಳ್ಳುತ್ತದೆ. ಈ ಹೊತ್ತಿನಲ್ಲಿ ಮೇಲ್ಮಣ್ಣು ಒಣಗಿ ಹೆಪ್ಪುಗಟ್ಟಿದ್ದರೆ ದಂಟು ಮುರಿದುಹೋಗುತ್ತದೆ. ಮೊಳಕೆ ಕಾಣುವವರೆಗೆ ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿರಬೇಕೆನ್ನುವುದು ಇದಕ್ಕಾಗಿ.

ಮೊಳೆತ ಮೇಲೆ ಮಾತ್ರ ನೀರು ಅತಿಯಾಗಬಾರದು. ಗಾಳಿಯಾಡದ, ಸದಾ ತೇವವಿರುವ ಕಡೆ ಎಳೆಸಸಿಗಳು ಬುಡದಲ್ಲಿ ದಾರದಂತೆ ಸಣಕಲಾಗಿ ಒಂದೇ ರಾತ್ರಿಯಲ್ಲಿ ಮಗ್ಗುಲಾಗುತ್ತವೆ. ಇದು ಶಿಲೀಂಧ್ರದಂಥ ಸೂಕ್ಷ್ಮಜೀವಿಗಳಿಂದ ಬರುವ ಬುಡಕೊಳೆ. ಸಸಿಗಳನ್ನು ಒತ್ತೊತ್ತಾಗಿ ಬಿಡದೆ ತೆಳುಗೊಳಿಸುವುದು, ಮೇಲ್ಮಣ್ಣು ಒಣಗಲು ಬಿಟ್ಟು ನೀರು ಕೊಡುವುದು ಇದಕ್ಕೆ ಮುನ್ನೆಚ್ಚರಿಕೆ. ಟೊಮೇಟೊ ಸಸಿಗೆ ನಾಲ್ಕೈದು ನಿಜವಾದ ಎಲೆಗಳು (ಮೊದಲು ಮೂಡುವ ಜೋಡಿ ಬೀಜದೆಲೆಗಳ ನಂತರ ಬರುವಂಥವು) ಬಂದ ಮೇಲೆ ಸಂಜೆಯ ಹೊತ್ತು ನಾಟಿ ಮಾಡಿ, ಕೆಳಗಿನ ಎಲೆಗಳನ್ನು ಚಿವುಟಿ ಕಾಂಡದ ಅರ್ಧದಷ್ಟನ್ನು ಮಣ್ಣಿನೊಳಗೇ ಹೂಳಿರಿ. ಹೂತ ಕಾಂಡದಿಂದಲೂ ಬೇರುಗಳು ಹೊರಟು ಗಿಡ ಗಟ್ಟಿಮುಟ್ಟಾಗುತ್ತದೆ.

ನೀರು

ಮನೆಯ ಗಿಡಗಳು ಸಾಯುವುದಕ್ಕೆ ರೋಗಕ್ಕಿಂತಲೂ ಕೀಟಕ್ಕಿಂತಲೂ ನೀರೇ ಹೆಚ್ಚು ಕಾರಣ ಎಂಬುದು ನನ್ನ ದೃಢ ಅಭಿಪ್ರಾಯ, ಅದರಲ್ಲೂ ಕಡಿಮೆಯಾದ ನೀರಿಗಿಂತ ಪ್ರೀತಿಯಿಂದ ಹೆಚ್ಚಾಗಿ ಕೊಟ್ಟ ನೀರು. ದಿನಕ್ಕೊಂದು ಚೊಂಬು ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಿ ನೋಡಿ. ತುದಿಗೆ ತಂಪು, ತೇವ ತಗುಲಿ ಮಣ್ಣಿನ ಕಣ ಅಂಟಿಕೊಂಡು ಬಂದರೆ ಆ ದಿನ ನೀರು ಬೇಡ. ಒಣಗಿದ್ದರೆ ಕುಂಡದ ತಳದಿಂದ ನೀರು ಹೊರಗೆ ಹರಿಯುವವರೆಗೆ ನಿಧಾನವಾಗಿ ಹಾಕಿ. ಆಗಾಗ ಸ್ವಲ್ಪ ಸ್ವಲ್ಪವೇ ಚಿಮುಕಿಸಿದರೆ ಬೇರುಗಳು ಮೇಲ್ಪದರದಲ್ಲೇ ಹರಡಿಕೊಂಡು, ಒಂದು ದಿನ ನೀರು ತಪ್ಪಿದರೂ ಗಿಡ ಕಂಗೆಡುತ್ತದೆ.

ನಾರಿನ ಪುಡಿ ಬೆರೆತ ಮಣ್ಣು ಒಮ್ಮೆ ಪೂರ್ತಿ ಒಣಗಿತೆಂದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಗ ಹಾಕಿದ ನೀರು ಅಂಚಿನ ಸಂದಿಯಿಂದ ಸರ್ರನೆ ಇಳಿದು ತಳದಿಂದ ಹೊರಬರುತ್ತದೆ. ನೋಡಿದವರಿಗೆ ನೀರುಂಡಂತೆ ಕಂಡರೂ ನಡುವಿನ ಬೇರಿನ ಮುದ್ದೆ ಒಣಗಿಯೇ ಇರುತ್ತದೆ. ಕುಂಡವನ್ನು ಎತ್ತಿದಾಗ ಹಗುರವೆನಿಸಿದರೆ ಇದೇ ಆಗಿದೆ ಎಂದು ತಿಳಿಯಿರಿ. ನೀರು ತುಂಬಿದ ತೊಟ್ಟಿಯಲ್ಲಿ ಕುಂಡವನ್ನು ಇಳಿಸಿ, ಗಾಳಿಗುಳ್ಳೆಗಳು ಏಳುವುದು ನಿಲ್ಲುವವರೆಗೆ ಬಿಟ್ಟು, ಮೇಲೆತ್ತಿ ಬಸಿಯಲು ಬಿಟ್ಟರೆ ಸರಿಹೋಗುತ್ತದೆ.

ಟೊಮೇಟೊ ಕಾಯಿಯ ಕೆಳತುದಿ ಕಪ್ಪಾಗಿ, ತೊಗಲಿನಂತೆ ಒಳಕ್ಕೆ ಕುಸಿಯುವುದನ್ನು ಅನೇಕರು ಕಂಡಿರುತ್ತಾರೆ. ಇದು ರೋಗವಲ್ಲ, ಬೆಳೆಯುತ್ತಿರುವ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದಿರುವುದರ ಪರಿಣಾಮ. ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಕಷ್ಟು ಇದ್ದರೂ ಅದು ನೀರಿನೊಡನೆಯೇ ಸಾಗಬೇಕಾದ್ದರಿಂದ, ಎರಡು ದಿನ ಒಣಗಿಸಿ ಮೂರನೆಯ ದಿನ ಮುಳುಗಿಸುವ ಕ್ರಮದಲ್ಲಿ ಅದು ಕಾಯಿಯವರೆಗೆ ಹೋಗುವುದೇ ಇಲ್ಲ. ಮೊಟ್ಟೆಯ ಚಿಪ್ಪಿನ ಪುಡಿ ಹಾಕಿದರೆ ತಕ್ಷಣದ ಪರಿಹಾರ ಸಿಗದು, ಅದು ಕರಗುವುದಕ್ಕೆ ಬಹುಕಾಲ ಬೇಕು. ನೀರನ್ನು ಸಮವಾಗಿ ಕೊಡುತ್ತ, ಬುಡಕ್ಕೆ ಒಣಎಲೆಗಳ ಐದು ಸೆಂಟಿಮೀಟರ್ ಹೊದಿಕೆ ಹಾಕಿದರೆ ಮುಂದಿನ ಕಾಯಿಗಳು ಚೆನ್ನಾಗಿ ಬರುತ್ತವೆ. ನೀರನ್ನು ಬೆಳಗ್ಗೆ, ಬುಡಕ್ಕೆ ಹಾಕಿ. ರಾತ್ರಿಯಿಡೀ ಒದ್ದೆಯಾಗಿರುವ ಎಲೆಗಳ ಮೇಲೆ ಶಿಲೀಂಧ್ರ ಬೇಗ ನೆಲೆಸುತ್ತದೆ.

ಅಡುಗೆಮನೆಯ ಕಸ ಮಣ್ಣಾಗುವ ಬಗೆ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಸುಮಾರು 60 ಪ್ರತಿಶತ ಮನೆಗಳಿಂದಲೇ ಬಂದದ್ದು. ಕಸದ ಗುಡ್ಡೆಯ ಆಳದಲ್ಲಿ ಗಾಳಿ ಸಿಗದೆ ಕೊಳೆಯುವ ಆಹಾರ ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲವನ್ನು ಹೊರಬಿಡುತ್ತದೆ. ಅದೇ ಸಿಪ್ಪೆ, ದಂಟುಗಳು ಗಾಳಿಯಾಡುವ ಡಬ್ಬದಲ್ಲಿ ಕಳಿತರೆ ಗಿಡಕ್ಕೆ ಅನ್ನವಾಗುತ್ತವೆ. ನನ್ನ ಮಟ್ಟಿಗೆ ಮನೆಯ ತೋಟದ ಅತ್ಯಂತ ದೊಡ್ಡ ಲಾಭ ಇದೇ. ಒಂದೇ ಒಂದು ಗಿಡ ಬೆಳೆದವರಿಗೂ ಇದು ದಕ್ಕುತ್ತದೆ.

ಮುಚ್ಚಳವಿರುವ ಬಕೆಟ್ಟಿನ ಪಕ್ಕಗಳಲ್ಲಿಯೂ ತಳದಲ್ಲಿಯೂ ತೂತುಗಳನ್ನು ಕೊರೆದು, ಒಂದು ಹಿಡಿ ತರಕಾರಿ ಸಿಪ್ಪೆ ಹಾಕಿದಾಗಲೆಲ್ಲ ಎರಡು ಮೂರು ಹಿಡಿ ಒಣಎಲೆ ಅಥವಾ ಹರಿದ ರಟ್ಟಿನ ಚೂರು ಹಾಕುತ್ತ ಬನ್ನಿ. ಹಸಿಕಸದಲ್ಲಿ ಸಾರಜನಕ, ಒಣಕಸದಲ್ಲಿ ಇಂಗಾಲ ಹೆಚ್ಚು; ಸೂಕ್ಷ್ಮಜೀವಿಗಳಿಗೆ ಎರಡೂ ಬೇಕು. ಒಂದು ಮುಷ್ಟಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣುವಷ್ಟು ತೇವವಿರಲಿ. ಕೆಟ್ಟ ವಾಸನೆ ಬಂದರೆ ಒದ್ದೆ ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ ಎಂದರ್ಥ. ಒಣಕಸ ಸೇರಿಸಿ ಮಗುಚಿದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಮಾಂಸ, ಹಾಲಿನ ಪದಾರ್ಥ, ಎಣ್ಣೆಯ ಅಡುಗೆ ಬೇಡ, ಅವು ಇಲಿ ಮತ್ತು ನೊಣಗಳನ್ನು ಕರೆಯುತ್ತವೆ. ಮೂರು ತಿಂಗಳ ಸುಮಾರಿಗೆ ಹಾಕಿದ ವಸ್ತುವಿನ ಗುರುತು ಸಿಗದಂತೆ ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ಗೊಬ್ಬರ ಸಿದ್ಧವಾದಂತೆ. ಅರೆಬೆಂದ ಗೊಬ್ಬರವನ್ನು ಬುಡಕ್ಕೆ ಹಾಕಿದರೆ ಅದು ಗಿಡದ ಸಾರಜನಕವನ್ನೇ ಕಸಿದುಕೊಳ್ಳುವುದರಿಂದ ಅವಸರ ಪಡಬಾರದು.

ಕೀಟಗಳು ಬಂದಾಗ

ಗಿಡಕ್ಕೆ ಏನು ಸಿಂಪಡಿಸಲಾಗಿದೆ, ಯಾವಾಗ ಸಿಂಪಡಿಸಲಾಗಿದೆ ಎಂಬುದು ತಿನ್ನುವವರಿಗೇ ತಿಳಿದಿರುವುದು ಸಣ್ಣ ಲಾಭವಲ್ಲ. ಆ ಲಾಭ ಉಳಿಯಬೇಕಾದರೆ ಹುಳು ಕಂಡ ಕೂಡಲೇ ವಿಷದ ಡಬ್ಬಕ್ಕೆ ಕೈಹಾಕಬಾರದು. ಎರಡು ದಿನಕ್ಕೊಮ್ಮೆ ಎಲೆಗಳ ಅಡಿಭಾಗವನ್ನು ತಿರುಗಿಸಿ ನೋಡುವವರಿಗೆ ಕೀಟಗಳು ಹೆಚ್ಚುವ ಮುಂಚೆಯೇ ಕಾಣಸಿಗುತ್ತವೆ. ಸಸ್ಯಹೇನುಗಳನ್ನು ನೀರಿನ ಧಾರೆಯಿಂದ ತೊಳೆದುಹಾಕಬಹುದು; ಜಗ್ಗದಿದ್ದರೆ ಒಂದು ಲೀಟರ್ ನೀರಿಗೆ ಸುಮಾರು 5 ಮಿಲಿಲೀಟರ್ ಸೌಮ್ಯ ದ್ರವ ಸೋಪು ಬೆರೆಸಿ, ಮೊದಲು ಒಂದೆರಡು ಎಲೆಗಳ ಮೇಲೆ ಪ್ರಯೋಗಿಸಿ ನೋಡಿ, ಸಂಜೆ ಎಲೆಯಡಿಗೆ ತಗಲುವಂತೆ ಸಿಂಪಡಿಸಿ. ಎಲೆ ತಿನ್ನುವ ಕಂಬಳಿಹುಳುಗಳನ್ನು ಕೈಯಿಂದ ಆರಿಸುವುದೇ ಲೇಸು. ಗುಲಗಂಜಿ ಹುಳುವಿನ ಮರಿ ಕಪ್ಪಾಗಿ, ಮುಳ್ಳುಮುಳ್ಳಾಗಿ ಕಾಣುವುದರಿಂದ ಅದನ್ನೇ ಶತ್ರುವೆಂದು ತಿಳಿದು ಕೊಲ್ಲುವವರುಂಟು. ಸಸ್ಯಹೇನುಗಳನ್ನು ತಿಂದು ಬದುಕುವ ಅದು ನಿಮ್ಮ ಪಕ್ಷದ್ದು.

ಹೂ ಬಿಟ್ಟರೂ ಕಾಯಿ ನಿಲ್ಲದಿದ್ದರೆ

ಸೌತೆ, ಕುಂಬಳ ಜಾತಿಯ ಬಳ್ಳಿಗಳಲ್ಲಿ ಗಂಡುಹೂ, ಹೆಣ್ಣುಹೂ ಬೇರೆ ಬೇರೆ. ಹೆಣ್ಣುಹೂವಿನ ಬುಡದಲ್ಲಿ ಹೆಬ್ಬೆರಳ ತುದಿಯಷ್ಟು ಎಳೆಯ ಕಾಯಿ ಇರುತ್ತದೆ. ಗಂಡುಹೂವಿಗೆ ಬರೀ ತೊಟ್ಟು. ಎತ್ತರದ ಮಹಡಿಗೆ ಜೇನ್ನೊಣಗಳು ಬರದಿದ್ದರೆ ಬೆಳಗ್ಗೆ ಹೊಸದಾಗಿ ಅರಳಿದ ಗಂಡುಹೂವನ್ನು ಕಿತ್ತು, ಎಸಳುಗಳನ್ನು ಸುಲಿದು, ಹಳದಿ ಪುಡಿಯನ್ನು ಹೆಣ್ಣುಹೂವಿನ ನಡುವಿಗೆ ಮೆಲ್ಲನೆ ಸವರಬೇಕು. ಟೊಮೇಟೊದಲ್ಲಿ ಎರಡೂ ಒಂದೇ ಹೂವಿನಲ್ಲಿರುವುದರಿಂದ ಗೊಂಚಲನ್ನು ಬೆರಳಿನಿಂದ ತಟ್ಟಿದರೆ ಸಾಕು. ಹಗಲಿನ ಶಾಖ 35 ಡಿಗ್ರಿ ಸೆಲ್ಸಿಯಸ್ ಮೀರುವ ದಿನಗಳಲ್ಲಿ ಅದರ ಪರಾಗವೇ ಕೆಡುವುದರಿಂದ ಹೂ ಉದುರುವುದು ಸಹಜ. ತಂಪು ಮರಳಿದ ಮೇಲೆ ಕಾಯಿ ನಿಲ್ಲುತ್ತದೆ.

ದೇಹಕ್ಕೂ ಮನಸ್ಸಿಗೂ ಆಗುವುದು

ನೆದರ್ಲೆಂಡ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮನಸ್ಸಿಗೆ ಒತ್ತಡ ತರುವ ಕೆಲಸ ಮಾಡಿಸಿದ ಬಳಿಕ 30 ಮಂದಿಯಲ್ಲಿ ಕೆಲವರಿಗೆ ಅರ್ಧ ಗಂಟೆ ತೋಟದ ಕೆಲಸವನ್ನೂ ಉಳಿದವರಿಗೆ ಒಳಗೆ ಕುಳಿತು ಓದುವುದನ್ನೂ ಕೊಡಲಾಯಿತು. ಎರಡೂ ಗುಂಪುಗಳಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಇಳಿಯಿತು, ತೋಟದಲ್ಲಿದ್ದವರಲ್ಲಿ ಹೆಚ್ಚು ಇಳಿಯಿತು. ಅಮೆರಿಕದ ಡೆನ್ವರ್‌ನಲ್ಲಿ 291 ವಯಸ್ಕರೊಡನೆ ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸಮುದಾಯ ತೋಟದಲ್ಲಿ ಹೊಸದಾಗಿ ಬೆಳೆಯಲು ತೊಡಗಿದವರು ಇತರರಿಗಿಂತ ದಿನಕ್ಕೆ ಸುಮಾರು 1.4 ಗ್ರಾಂ ಹೆಚ್ಚು ನಾರಿನಂಶ ತಿಂದರು. ಅಂಕಿ ಚಿಕ್ಕದಾದರೂ ಅದರ ಹಿಂದಿನ ಕಾರಣ ಯಾವ ಬೆಳೆಗಾರರಿಗೂ ಅರ್ಥವಾಗುವಂಥದ್ದು: ತಾನೇ ನೀರೆರೆದು ಬೆಳೆಸಿದ ಸೊಪ್ಪನ್ನು ತಟ್ಟೆಯಲ್ಲಿ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ತರಕಾರಿಯೆಂದರೆ ಮುಖ ಸಿಂಡರಿಸುವ ಮಗುವಿಗೆ ಒಂದು ಕುಂಡವನ್ನು ಅದರದ್ದೇ ಎಂದು ಒಪ್ಪಿಸಿ, 25–30 ದಿನಗಳಲ್ಲಿ ಕೈಗೆ ಬರುವ ಮೂಲಂಗಿಯನ್ನು ಬಿತ್ತಿಸಿ, ಅದನ್ನು ಅದರ ಕೈಯಿಂದಲೇ ಕೀಳಿಸಿರಿ.

ಮುಂದಿನ ಬಿತ್ತನೆಗೆ ಬೀಜ

ಟೊಮೇಟೊ, ಬೀನ್ಸ್, ಬಟಾಣಿಗಳಲ್ಲಿ ಪರಾಗಸ್ಪರ್ಶ ಬಹುತೇಕ ತಮ್ಮ ಹೂವಿನಲ್ಲೇ ನಡೆಯುವುದರಿಂದ ಅವುಗಳ ಬೀಜ ತಾಯಿಗಿಡದ ಗುಣವನ್ನೇ ಹೊತ್ತು ಬರುತ್ತದೆ. ಹೈಬ್ರಿಡ್ ತಳಿಯಾಗಿದ್ದರೆ ಮಾತ್ರ ಹಾಗಾಗದು, ಆದ್ದರಿಂದ ಮೊದಲ ಸಲವೇ ನಾಟಿ ತಳಿಯ ಬೀಜವನ್ನು ಕೇಳಿ ತನ್ನಿ. ಎಲ್ಲಕ್ಕಿಂತ ಆರೋಗ್ಯವಾಗಿ ಬೆಳೆದ ಬೀನ್ಸ್ ಗಿಡದ ಕೆಲವು ಕಾಯಿಗಳನ್ನು ಕೊಯ್ಯದೆ ಬಿಟ್ಟರೆ, ಅವು ಹಳದಿಗಟ್ಟಿ, ಒಣಗಿ, ಅಲ್ಲಾಡಿಸಿದಾಗ ಒಳಗೆ ಕಾಳು ಗಲಗಲ ಎನ್ನುತ್ತದೆ. ಆಗ ಸುಲಿದು, ಇನ್ನೊಂದು ವಾರ ನೆರಳಿನಲ್ಲಿ ಒಣಗಿಸಿ, ಉಗುರಿನಿಂದ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಳಿಯ ಹೆಸರನ್ನೂ ದಿನಾಂಕವನ್ನೂ ಬರೆದು, ಬಿಗಿ ಮುಚ್ಚಳದ ಡಬ್ಬದಲ್ಲಿ ತಂಪಾದ ಕತ್ತಲೆಯ ಜಾಗದಲ್ಲಿಡಿ. ಹಾಗಿಟ್ಟ ಬೀನ್ಸ್ ಬೀಜ ಎರಡು ಮೂರು ವರ್ಷ ಚೆನ್ನಾಗಿ ಮೊಳೆಯುತ್ತದೆ. ಹಳತಾಗಿದೆಯೆಂಬ ಸಂಶಯವಿದ್ದರೆ ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಒಂದು ವಾರದ ಮೇಲೆ ಎಷ್ಟು ಮೊಳೆತಿವೆ ಎಂದು ಎಣಿಸಿ, ಅದಕ್ಕೆ ತಕ್ಕಂತೆ ದಟ್ಟವಾಗಿ ಅಥವಾ ವಿರಳವಾಗಿ ಬಿತ್ತಿರಿ.